ಎಣಿಕೆಗೆ ಬಾರದವರು

ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ತರಬೇತಿ ವಿಭಾಗಕ್ಕೆ ನಾನು ಸೇರಿದಾಗ ನನಗೆ ಒಪ್ಪಿಸಿದ ಮೊದಲ ಪಾಠ ಸಂಸ್ಕೃತಿ ಪರಿಚಯದ್ದು. ಪರಿಚಯ ಮಾಡಿಸಬೇಕಿದ್ದದ್ದು ಅಮೆರಿಕದ ಸಂಸ್ಕೃತಿಯನ್ನು. 2000ನೇ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಗೊಳಿಸುವ ವೈಟುಕೆ ಕೆಲಸ ರಾಶಿ ಬಿದ್ದಿದ್ದ ಕಾಲ. ತಂಡದ ಮೇಲೆ ತಂಡ ವಿಮಾನ ಹತ್ತುತ್ತಿತ್ತು. ಹೊರಡುವವರನ್ನು ಕೂರಿಸಿಕೊಂಡು ಹೇಳಬೇಕು: ಮಾತಿನ ನಡುವೆ ತಲೆ ತೂಗಬೇಡಿ, ಅದು ಹೌದೋ ಅಲ್ಲವೋ ಅವರಿಗೆ ತಿಳಿಯುವುದಿಲ್ಲ. ಆಗದ ಕೆಲಸಕ್ಕೆ ‘ನೋಡೋಣ’ ಅನ್ನಬೇಡಿ, ಆಗುವುದಿಲ್ಲ ಎಂದೇ ಹೇಳಿ. ಸಂಬಳ ಎಷ್ಟು, ಇನ್ನೂ ಯಾಕೆ ಮದುವೆಯಾಗಿಲ್ಲ ಎಂದು ಕೇಳಬೇಡಿ. ಸಾಲಿನಲ್ಲಿ ಮೈಗೆ ಮೈ ತಾಗುವಂತೆ ನಿಲ್ಲಬೇಡಿ.

ಆ ಪಾಠದಲ್ಲಿ ಅಂಕಗಳ ಒಂದು ಪಟ್ಟಿ ಇತ್ತು. ಹಾಲೆಂಡಿನ ವಿದ್ವಾಂಸ ಗೇರ್ಟ್ ಹಾಫ್‌ಸ್ಟೆಡ್ 1967ರಿಂದ 1973ರವರೆಗೆ ಐಬಿಎಂನ ನಾನಾ ದೇಶಗಳ ನೌಕರರಿಂದ ಪಡೆದ ಉತ್ತರಗಳ ಮೇಲೆ ಕಟ್ಟಿದ ಲೆಕ್ಕ ಅದು. ಮೇಲಿನವರ ಅಧಿಕಾರವನ್ನು ಕೆಳಗಿನವರು ಎಷ್ಟರಮಟ್ಟಿಗೆ ಸಹಜವೆಂದು ಒಪ್ಪಿಕೊಂಡಿದ್ದಾರೆ ಎಂಬುದಕ್ಕೆ ಭಾರತಕ್ಕೆ 77 ಅಂಕ, ಅಮೆರಿಕಕ್ಕೆ 40. ಪಟ್ಟಿಯನ್ನು ಪರದೆಯ ಮೇಲೆ ಹಾಕಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತಿತ್ತು: ಈ 77 ಯಾರ ಮನೆಯದು? ಊರ ಗೌಡರ ಜಗಲಿಯ ಮೇಲೆ ಕೂತು ಬೆಳೆದ ಹುಡುಗನೂ ನನ್ನ ಎದುರಿಗಿದ್ದ. ಅಂಥದೇ ಜಗಲಿಯ ಕೆಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವನ ಮಗನೂ ಅದೇ ಸಾಲಿನಲ್ಲಿದ್ದ. ಇಬ್ಬರಿಗೂ ಒಂದೇ ಅಂಕ. ಅಮೆರಿಕದವರ ಮುಂದೆ ಹೇಗೆ ಕೂರಬೇಕು ಎಂದು ಇಬ್ಬರಿಗೂ ಕಲಿಸುತ್ತಿದ್ದೆವು. ಅವರಿಬ್ಬರು ಒಬ್ಬರ ಪಕ್ಕ ಒಬ್ಬರು ಹೇಗೆ ಕೂರಬೇಕು ಎಂಬ ಪಾಠ ನಮ್ಮಲ್ಲಿರಲಿಲ್ಲ.

ಆಮೇಲೆ ಕಾಲ್ ಸೆಂಟರುಗಳು ಬಂದವು. ಅಲ್ಲಿ ತರಬೇತಿ ನಾಲಗೆಗೇ ಇಳಿಯಿತು. ಚಿಕ್ಕಮಗಳೂರಿನ ಕಡೆಯ ಹುಡುಗಿ ರಾತ್ರಿ ಪಾಳಿಯಲ್ಲಿ ಸೂಸನ್ ಆಗುತ್ತಿದ್ದಳು, ಬೆಳಗ್ಗೆ ಕ್ಯಾಬಿನಿಂದ ಇಳಿದಾಗ ತನ್ನ ಹೆಸರಿಗೆ ಮರಳುತ್ತಿದ್ದಳು. ಕಲಿತವರು ಅನ್ನ ಕಂಡುಕೊಂಡರು, ತಂಗಿಯರ ಮದುವೆ ಮಾಡಿದರು, ಊರಲ್ಲಿ ಮನೆ ಕಟ್ಟಿಸಿದರು. ಅದನ್ನು ಹಗುರ ಮಾಡಿ ಮಾತಾಡುವ ಹಕ್ಕು ನನಗಿಲ್ಲ. ಆದರೆ ಆ ತರಬೇತಿ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಬದಲಾಗಬೇಕಾದವರು ಯಾವಾಗಲೂ ನಾವೇ.

ನಾನು ಬೆಳೆದದ್ದು ಜಾಲಹಳ್ಳಿ ಕಡೆಯ ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಕಾಲೊನಿಯಲ್ಲಿ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್: ಈ ಕಾರ್ಖಾನೆಗಳೇ ಬೆಂಗಳೂರಿಗೆ ದೇಶದ ಮೂಲೆಮೂಲೆಯ ಜನರನ್ನು ಕರೆತಂದದ್ದು. ಅಪ್ಪ ಹಾಸನದ ಕಡೆಯ ಹಳ್ಳಿಯಿಂದ ಕೈಗಾರಿಕಾ ತರಬೇತಿಯ ಸರ್ಟಿಫಿಕೇಟ್ ಹಿಡಿದು ಬಂದವರು. ಪಕ್ಕದ ಮನೆ ಪಾಲಕ್ಕಾಡಿನವರದು, ಎದುರುಮನೆ ಚಿತ್ತೂರಿನವರದು, ಹಿಂದಿನ ಸಾಲಿನಲ್ಲಿ ಧಾರವಾಡದವರು, ಒಂದು ಬಂಗಾಳಿ ಕುಟುಂಬ. ಕ್ವಾರ್ಟರ್ಸ್ ಹಂಚುತ್ತಿದ್ದದ್ದು ಗ್ರೇಡು, ಸೇವಾವಧಿ ನೋಡಿ. ಪಕ್ಕದ ಮನೆಯವರು ಯಾರಾಗಿರಬೇಕು ಎಂದು ಆರಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಜಾಲಹಳ್ಳಿಯ ಅಯ್ಯಪ್ಪನ ಗುಡಿಗೆ ಮಲಯಾಳಿಗಳ ಜೊತೆ ನಾವೂ ಹೋಗುತ್ತಿದ್ದೆವು, ನಮ್ಮ ಗಣೇಶನ ಚಂದಾ ಕೇಳಲು ಅವರ ಮಕ್ಕಳೂ ಬರುತ್ತಿದ್ದರು. ಅವರ ಮಕ್ಕಳ ಕನ್ನಡ ನಮ್ಮದಕ್ಕಿಂತ ಜೋರಾಗಿತ್ತು.

ಇನ್ನೂರೈವತ್ತಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗೆ ಸರ್ಕಾರ ಕ್ಯಾಂಟೀನ್ ಕಡ್ಡಾಯ ಮಾಡಬಹುದು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಅಪ್ಪನ ಪಾಲಿಗೆ ಆ ಕಲಮೇ ಅವರ ಜೀವನದ ದೊಡ್ಡ ಬದಲಾವಣೆ. ಊರಿನಲ್ಲಿ ಅವರು ಯಾರ ಜೊತೆ ಸಾಲಿನಲ್ಲಿ ಕೂತು ಉಂಡಿರಲಿಲ್ಲವೋ ಅವರ ಜೊತೆಗೇ ಅದೇ ಮೇಜಿನಲ್ಲಿ, ಅದೇ ಕೊಳಗದ ಸಾರಿನಲ್ಲಿ ಮೂವತ್ತು ವರ್ಷ ಉಂಡರು. ಅದನ್ನು ಸ್ವರ್ಗ ಎಂದು ನಾನು ಬರೆಯಲಾರೆ. ಮನೆಯಿಂದ ಬುತ್ತಿ ತಂದು ಬೇರೆ ಮೂಲೆಯಲ್ಲಿ ಕೂರುವವರಿದ್ದರು. ಮೀಸಲಾತಿಯಲ್ಲಿ ಬಂದ ಫೋರ್‌ಮನ್ ಬಗ್ಗೆ ಬೆನ್ನ ಹಿಂದೆ ಆಡುತ್ತಿದ್ದ ಮಾತು ಮಕ್ಕಳಾದ ನಮ್ಮ ಕಿವಿಗೂ ಬೀಳುತ್ತಿತ್ತು. ಆದರೂ ಆ ಮನುಷ್ಯ ಫೋರ್‌ಮನ್ ಆಗಿದ್ದ. ಯಾಕೆಂದರೆ ಅಲ್ಲಿ ರೋಸ್ಟರ್ ಎಂಬ ರಿಜಿಸ್ಟರು ಇತ್ತು, ಪರಿಶಿಷ್ಟರ ಹುದ್ದೆ ಖಾಲಿ ಬಿದ್ದರೆ ಕೇಳುವ ಸಂಘವಿತ್ತು, ಉತ್ತರ ಕೊಡಬೇಕಾದ ಅಧಿಕಾರಿ ಇದ್ದ.

ಈ ನೆನಪು ಇಟ್ಟುಕೊಂಡೇ ನಾನು ‘ಡೈವರ್ಸಿಟಿ’ಯನ್ನು ಎದುರುಗೊಂಡದ್ದು. ಸುಮಾರು 2008ರ ಹೊತ್ತಿಗೆ ವಿದೇಶದ ಗ್ರಾಹಕರು ಟೆಂಡರಿನ ಜೊತೆಗೆ ಪ್ರಶ್ನಾವಳಿ ಕಳಿಸತೊಡಗಿದರು: ನಿಮ್ಮಲ್ಲಿ ಹೆಂಗಸರು ಶೇಕಡಾ ಎಷ್ಟು, ನಾಯಕತ್ವದಲ್ಲಿ ಎಷ್ಟು, ನೌಕರರಿಗೆ ತರಬೇತಿ ಕೊಡುತ್ತೀರಾ. ಸಿದ್ಧ ಸ್ಲೈಡುಗಳು ಅಲ್ಲಿಂದಲೇ ಬಂದವು. ಅವುಗಳ ಹಿಂದೆ ಒಂದು ದೊಡ್ಡ ಹೋರಾಟವಿತ್ತು ಎಂಬುದನ್ನು ನಾನು ಗೌರವದಿಂದಲೇ ಹೇಳುತ್ತಿದ್ದೆ. ಅಮೆರಿಕದ ಕಪ್ಪು ಜನ ಬೀದಿಯಲ್ಲಿ ಏಟು ತಿಂದು ಪಡೆದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಇಲ್ಲದಿದ್ದರೆ ಕೆಲಸದ ಜಾಗದಲ್ಲಿ ತಾರತಮ್ಯ ತಪ್ಪು ಎಂಬ ಪಾಠವೇ ಯಾವ ಕಂಪನಿಗೂ ಬರುತ್ತಿರಲಿಲ್ಲ. ಆದರೆ ನಮ್ಮ ಕೈಗೆ ಸಿಕ್ಕಿದ್ದರಲ್ಲಿ ಆ ಹೋರಾಟ ಉಳಿದಿರಲಿಲ್ಲ. ಬೇರೆ ಬೇರೆ ಬಣ್ಣದ ನಗುಮುಖಗಳಷ್ಟೇ ಉಳಿದಿದ್ದವು.

ನಮ್ಮ ನೆಲದ್ದೊಂದು ಸ್ಲೈಡು ಸೇರಿಸೋಣ ಎಂದು ನಾನು ಹಟ ಹಿಡಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಮೈಸೂರು ಸಂಸ್ಥಾನದ ಕಚೇರಿಗಳಲ್ಲಿ ಒಂದೇ ಸಮುದಾಯದವರು ತುಂಬಿರುವುದಕ್ಕೆ ಪರಿಹಾರ ಹೇಳುವುದು ಅದರ ಕೆಲಸ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂದು 1919ರ ವರದಿ ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಿರಲಿಲ್ಲ. ಅವರು ಹುದ್ದೆ ಬಿಡಲು ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ಅರ್ಹತೆಯೋ ಪ್ರಾತಿನಿಧ್ಯವೋ ಎಂದು ಇವತ್ತು ನಮ್ಮ ಮೀಟಿಂಗ್ ರೂಮುಗಳಲ್ಲಿ ನಡೆಯುವ ವಾದವೆಲ್ಲ ಆಗಲೇ ನಡೆದಿತ್ತು, ಅದೂ ಇಬ್ಬರು ದೊಡ್ಡ ಮನುಷ್ಯರ ನಡುವೆ. ಸ್ಲೈಡು ಮೇಲಿನವರ ಬಳಿ ಹೋಗಿ ಹಿಂದಿರುಗಿತು. ಇದು ಸ್ಥಳೀಯ ರಾಜಕೀಯ, ಬೇಡ ಎಂಬ ಒಂದು ಸಾಲು ಅದರ ಜೊತೆಗಿತ್ತು.

ಸ್ಲೈಡಿಗೆ ಜಾಗ ಸಿಗದಿದ್ದರೂ ಚೀಟಿಗೆ ಸಿಕ್ಕಿತು. ಒಂದು ತರಗತಿಯಲ್ಲಿ ಎಲ್ಲರಿಗೂ ಖಾಲಿ ಚೀಟಿ ಕೊಟ್ಟು, ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಿಮಗೆ ಹಿಂಸೆಯಾಗುವ ಪ್ರಶ್ನೆ ಬರೆಯಿರಿ, ಹೆಸರು ಬೇಡ ಎಂದೆ. ಬಂದ ಚೀಟಿಗಳನ್ನು ಗಟ್ಟಿಯಾಗಿ ಓದಿದೆ. ‘ನಿಮ್ಮ ಮನೆದೇವರು ಯಾವುದು?’ ‘ನೀವು ಯಾರ ಪೈಕಿ?’ ‘ಪೂರ್ತಿ ಹೆಸರೇನು?’ ‘ನಾನ್‌ವೆಜ್ಜಾ?’ ‘ಮನೆ ಶಿವಾಜಿನಗರದ ಕಡೆನಾ?’ ‘ಹಿಂದಿ ಬರಲ್ವಾ?’ ‘ಇಷ್ಟು ವರ್ಷ ಇದ್ದೂ ಕನ್ನಡ ಬರಲ್ವಾ?’ ‘ನೀವು ಯಾವ ದೇಶದವರು?’ ಈ ಕೊನೆಯದು ಮಣಿಪುರದ ಹುಡುಗನದು ಎಂದು ಎಲ್ಲರಿಗೂ ಗೊತ್ತಾಯಿತು. ಮತ್ತೆ ಮತ್ತೆ ಬಂದ ಪ್ರಶ್ನೆ ಬೇರೊಂದು: ‘ಸಿಇಟಿಯಲ್ಲಿ ಎಷ್ಟನೇ ರ‍್ಯಾಂಕ್?’

ಕೋಣೆಯಲ್ಲಿ ಅರ್ಧದಷ್ಟು ಜನಕ್ಕೆ ಇದರಲ್ಲಿ ಹಿಂಸೆ ಏನಿದೆ ಎಂದು ತಿಳಿಯಲಿಲ್ಲ. ರಾಯಚೂರಿನ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಸರ್ಕಾರಿ ಹಾಸ್ಟೆಲಿನಲ್ಲಿದ್ದು ಓದಿದವಳು, ತಂಡದಲ್ಲಿ ಒಳ್ಳೆಯ ಹೆಸರಿದ್ದವಳು. ‘ರ‍್ಯಾಂಕ್ ಕೇಳಿದ್ರ ನನಗ ತಿಳೀತದರೀ ಮೇಡಂ, ಅವರಿಗೆ ಬೇಕಾಗಿದ್ದು ನಂಬರಲ್ಲ. ಆ ಕಾಲೇಜಿಗೆ ಆ ನಂಬರಿಗೆ ಯಾವ ಕೋಟಾದಾಗ ಸೀಟ್ ಸಿಗ್ತದ ಅನ್ನೋದು ಎಲ್ಲಾರಿಗೂ ಗೊತ್ತೈತಿ.’ ಅವಳು ಕೂತಳು. ಆ ತನಕ ಸುಮ್ಮನಿದ್ದವರು ಒಬ್ಬೊಬ್ಬರಾಗಿ ಮಾತಾಡಿದರು. ಊಟದ ಡಬ್ಬಿ ಮುಚ್ಚಳ ತೆಗೆಯುವ ಮೊದಲು ಸುತ್ತ ನೋಡುವುದು, ಬಾಡಿಗೆ ಮನೆ ಹುಡುಕುವಾಗ ತಂದೆಯ ಹೆಸರು ಮುಚ್ಚಿಡುವುದು, ಅಂಬೇಡ್ಕರ್ ಚಿತ್ರವಿದ್ದ ಡೈರಿಯನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳುವುದು. ಸಂಜೆ ಐದಕ್ಕೆ ಮುಗಿಯಬೇಕಿದ್ದ ತರಗತಿ ಏಳಾದರೂ ಮುಗಿಯಲಿಲ್ಲ. ಕ್ಯಾಬ್ ತಪ್ಪಿಸಿಕೊಂಡವರೂ ಕದಲಲಿಲ್ಲ.

ಭಾವನೆಯ ಮಾತು ಬಿಟ್ಟು ಅಂಕಿ ತೋರಿಸಿ ಎನ್ನುವ ಮ್ಯಾನೇಜರುಗಳಿಗೆ ನಾನು ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟಿಸಿದ ಅಧ್ಯಯನ ಕೊಡುತ್ತಿದ್ದೆ. ಖಾಸಗಿ ಕಂಪನಿಗಳ ಜಾಹೀರಾತಿಗೆ ಅವರು ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದ್ದರು. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಂಭವ 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಓದಿದ ಮ್ಯಾನೇಜರುಗಳಲ್ಲಿ ಇಬ್ಬರು ಮೊದಲ ಸುತ್ತಿನಲ್ಲಿ ಅರ್ಜಿಯ ಮೇಲಿನ ಹೆಸರು ಮುಚ್ಚಿ ಆಯ್ಕೆ ಮಾಡಲು ಒಪ್ಪಿದರು. ಇಬ್ಬರೇ. ಆದರೂ ನಾನು ನಡೆಸಿದ ಎಷ್ಟೋ ತರಗತಿಗಳಿಗಿಂತ ಆ ಇಬ್ಬರ ಒಪ್ಪಿಗೆ ಹೆಚ್ಚು ಕೆಲಸ ಮಾಡಿತು.

2012ರ ಆಗಸ್ಟ್ ತಿಂಗಳನ್ನು ಬೆಂಗಳೂರಿನವರು ಮರೆತಿರಲಾರರು. ಅಸ್ಸಾಮಿನ ಗಲಭೆಯ ಬೆನ್ನಿಗೇ, ಈಶಾನ್ಯದವರ ಮೇಲೆ ಇಲ್ಲಿಯೂ ದಾಳಿ ನಡೆಯುತ್ತದೆ ಎಂಬ ಎಸ್‌ಎಂಎಸ್ ವದಂತಿ ಹಬ್ಬಿತು. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಸಿಟಿ ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಮಿತಿ ಹಾಕಿತು. ಆ ವಾರ ನಮ್ಮ ಕ್ಯಾಂಪಸ್ಸಿನ ಗೇಟಿನಲ್ಲಿ ಪರಿಚಿತ ಮುಖಗಳಿರಲಿಲ್ಲ. ಕ್ಯಾಂಟೀನಿನ ಅಡುಗೆಮನೆಯಲ್ಲಿ ಪಾತ್ರೆ ರಾಶಿ ಬಿದ್ದಿತ್ತು. ನಮ್ಮವರು ಎಷ್ಟು ಜನ ಹೋಗಿದ್ದಾರೆ ಎಂದು ಮೇಲಿನಿಂದ ಪ್ರಶ್ನೆ ಬಂತು. ಮಾನವ ಸಂಪನ್ಮೂಲ ವಿಭಾಗ ಕಂಪ್ಯೂಟರಿನಲ್ಲಿ ನೋಡಿ ಬೆರಳೆಣಿಕೆಯಷ್ಟು ಎಂದು ಉತ್ತರಿಸಿತು. ಉತ್ತರ ಸುಳ್ಳಾಗಿರಲಿಲ್ಲ. ಗೇಟಿನ ಕಾವಲುಗಾರರು ಏಜೆನ್ಸಿಯವರು, ಅಡುಗೆಮನೆಯವರು ಕೇಟರಿಂಗ್ ಗುತ್ತಿಗೆಯವರು. ಅವರ ಹೆಸರು ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ವಿಷಯ ಕೊರೆಯತೊಡಗಿತು. ಒಂದು ಟೆಕ್ ಪಾರ್ಕಿನೊಳಗೆ ಇರುವ ನಿಜವಾದ ವೈವಿಧ್ಯ ಎಲ್ಲಿದೆ? ಗೇಟಿನಲ್ಲಿ ಅಸ್ಸಾಂ, ಒಡಿಶಾದ ಹುಡುಗರು. ಶೌಚಾಲಯದಲ್ಲಿ, ಮೆಟ್ಟಿಲಿನಲ್ಲಿ ಯಾದಗಿರಿ, ರಾಯಚೂರು, ಅನಂತಪುರದ ಕಡೆಯಿಂದ ಗುಳೆ ಬಂದ ಹೆಂಗಸರು, ಹೆಚ್ಚಿನವರು ದಲಿತರು. ಕ್ಯಾಬ್ ಓಡಿಸುವವರು ಮಂಡ್ಯ, ರಾಮನಗರ, ಕನಕಪುರದವರು. ಕೆಲವರ ಹೊಲದ ಮೇಲೇ ಆ ಪಾರ್ಕು ಎದ್ದಿತ್ತು. ಇವರಲ್ಲಿ ಒಬ್ಬರಿಗೂ ನಮ್ಮ ತರಗತಿಯೊಳಗೆ ಪ್ರವೇಶವಿರಲಿಲ್ಲ. ಕೊರಳಿಗೆ ಒಂದು ಬಣ್ಣದ ಟ್ಯಾಗು ಇದ್ದವರು ಪರಸ್ಪರ ಗೌರವ ಕಲಿಯುತ್ತಿದ್ದರು. ಬೇರೆ ಬಣ್ಣದ ಟ್ಯಾಗಿನವರು ಆ ತರಗತಿಯ ನೆಲ ಒರೆಸುತ್ತಿದ್ದರು.

ಬಾಗಿಲು ತೆರೆದದ್ದು ಕಾನೂನು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಗುತ್ತಿಗೆಯವರನ್ನೂ ಒಳಗೆ ತರುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷೆ ಹೆಂಗಸಾಗಿರಬೇಕು, ಹೊರಗಿನ ಸದಸ್ಯರೊಬ್ಬರಿರಬೇಕು, ಅರಿವಿನ ಕಾರ್ಯಕ್ರಮ ನಡೆಸುವುದು ಮಾಲೀಕರ ಹೊಣೆ. ಇದಕ್ಕೆ ಮೊದಲು 1997ರ ವಿಶಾಖಾ ತೀರ್ಪು ಇತ್ತು. ರಾಜಸ್ಥಾನದ ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯಲು ಹೋಗಿ ಅತ್ಯಾಚಾರಕ್ಕೊಳಗಾದ ಭಂವರಿ ದೇವಿಯ ಪ್ರಕರಣದಿಂದ ಹುಟ್ಟಿದ ತೀರ್ಪು ಅದು. ಹಿಂದುಳಿದ ಜಾತಿಯ, ಹಳ್ಳಿಯ ಹೆಂಗಸೊಬ್ಬಳು ಅನುಭವಿಸಿದ್ದರಿಂದ ಬಂದ ಕಾನೂನನ್ನು ಎಸಿ ಕೋಣೆಯ ಇಂಗ್ಲಿಷ್ ಬಲ್ಲವರಿಗಷ್ಟೇ ಹೇಳಿದರೆ ಅನ್ಯಾಯ ಎಂದು ವಾದಿಸಿದೆ. ಈ ಸಲ ಕಾನೂನು ವಿಭಾಗ ನನ್ನ ಪರ ನಿಂತಿತು.

ಆ ತರಗತಿ ನಡೆದದ್ದು ಬೇಸ್‌ಮೆಂಟಿನಲ್ಲಿ, ಸ್ಟೋರಿನ ಪಕ್ಕದ ಕೋಣೆಯಲ್ಲಿ. ಸ್ಲೈಡು ಇರಲಿಲ್ಲ. ಕನ್ನಡದಲ್ಲಿ ಮಾತಾಡಿದೆ, ತೆಲುಗು ಬಲ್ಲ ಹೆಂಗಸೊಬ್ಬಳು ಪಕ್ಕದವರಿಗೆ ದಾಟಿಸುತ್ತಿದ್ದಳು. ಯಾವ ಮಾತು ತಪ್ಪು, ಯಾವ ನೋಟ ತಪ್ಪು, ದೂರು ಹೇಗೆ ಕೊಡಬೇಕು ಎಂದೆಲ್ಲ ಹೇಳಿ ಮುಗಿಸಿದಾಗ ಹಿಂದಿನ ಸಾಲಿನ ಹಿರಿಯಳೊಬ್ಬಳು ಕೇಳಿದಳು: ‘ಕಾನೂನು ಚೆನ್ನಾಗೈತೆ ಮೇಡಂ. ದೂರು ಕೊಟ್ಟೋಳ್ನ ಸೂಪರ್‌ವೈಸರ್ರು ನಾಳೆಯಿಂದ ಬರಬ್ಯಾಡ ಅಂದ್ರೆ?’ ಇಡೀ ವಿಷಯದ ತಿರುಳು ಆ ಒಂದು ಪ್ರಶ್ನೆಯಲ್ಲಿತ್ತು. ಗುತ್ತಿಗೆಯವನಿಗೆ ಒಬ್ಬಳ ಬದಲು ಇನ್ನೊಬ್ಬಳನ್ನು ಕಳಿಸಲು ಒಂದು ಫೋನ್ ಸಾಕು. ಕೊನೆಗೆ ಗುತ್ತಿಗೆಯ ಕರಾರಿನಲ್ಲೇ ಒಂದು ಕಲಮು ಸೇರಿಸಿದೆವು: ದೂರು ಕೊಟ್ಟವಳನ್ನು ಸಮಿತಿಗೆ ತಿಳಿಸದೆ ಬದಲಾಯಿಸುವಂತಿಲ್ಲ. ಆ ಕಲಮು ಬರೆದವರು ವಕೀಲರು, ಬರೆಸಿದವಳು ಆ ಹಿರಿಯಳು.

ಅದೇ ತರಗತಿಯಲ್ಲಿ, ಬೇರೆ ಏನಾದರೂ ಹೇಳುವುದಿದೆಯೇ ಎಂದೆ. ಲೈಂಗಿಕ ಕಿರುಕುಳದ ಬಗ್ಗೆ ಇನ್ನಷ್ಟು ಹೇಳುತ್ತಾರೆ ಎಂದುಕೊಂಡರೆ ಅವರು ಹೇಳಿದ್ದು ಊಟದ ಬಗ್ಗೆ. ಬೆಳಗ್ಗೆ ಆರಕ್ಕೆ ಬರುತ್ತಾರೆ. ಬುತ್ತಿ ಬಿಚ್ಚುವುದು ಜನರೇಟರಿನ ಪಕ್ಕ, ನೆಲದ ಮೇಲೆ. ಮೇಲಿನ ಮಹಡಿಗಳ ಶೌಚಾಲಯ ತೊಳೆಯುತ್ತಾರೆ, ತಮಗೆ ಬೇಕಾದಾಗ ಕೆಳಗಿಳಿದು ಬರಬೇಕು. ಎಲ್ಲರೂ ಹೋಗುವ ಲಿಫ್ಟು ಹತ್ತುವಂತಿಲ್ಲ. ‘ನಮ್ಮನ್ನ ಯಾರೂ ಬೈಯಲ್ಲ ಮೇಡಂ,’ ಎಂದಳು ಒಬ್ಬಳು, ‘ನೋಡೋದೇ ಇಲ್ಲ.’

ಆಡಳಿತದವರು ಕೆಟ್ಟವರಾಗಿರಲಿಲ್ಲ. ಕೇಳಿದ ಕೂಡಲೇ ಬೇಸ್‌ಮೆಂಟಿನಲ್ಲಿ ಒಂದು ಊಟದ ಕೋಣೆ ಕಟ್ಟಿಸಿಕೊಡುತ್ತೇವೆ, ಫ್ಯಾನು, ನೀರಿನ ಫಿಲ್ಟರು ಹಾಕಿಸುತ್ತೇವೆ ಎಂದರು. ನಾನು ಬೇಡ ಎಂದೆ. ಊರಿನಲ್ಲಿ ಬೇರೆ ಲೋಟ ಇಟ್ಟವರೂ ಲೋಟವನ್ನು ಕೊಟ್ಟೇ ಇದ್ದರು. ಇವರಿಗೂ ಅದೇ ಕ್ಯಾಂಟೀನು, ಅದೇ ಮೇಜು, ಅದೇ ಲಿಫ್ಟು ಸಿಗಬೇಕು ಎಂದು ಪಟ್ಟು ಹಿಡಿದೆ. ಸುರಕ್ಷತೆ, ಸ್ವಚ್ಛತೆ, ಜಾಗದ ಅಭಾವ, ಗ್ರಾಹಕರು ಭೇಟಿಗೆ ಬಂದಾಗಿನ ನೋಟ ಎಂದು ಕಾರಣಗಳು ಬಂದವು. ಸಭೆಗಳ ಮೇಲೆ ಸಭೆಗಳಾದವು. ಒಂದು ಸಭೆಯಲ್ಲಿ ನಾನು ಅಪ್ಪನ ಕಾರ್ಖಾನೆಯ ಕ್ಯಾಂಟೀನಿನ ವಿಷಯ ಹೇಳಿದೆ. ಅಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು, ತಮ್ಮ ತಂದೆಯೂ ಅಂಥದೇ ಕಾರ್ಖಾನೆಯಲ್ಲಿದ್ದವರು ಎಂದರು. ಅನುಮತಿ ಸಿಕ್ಕಿತು. ಊಟದ ಕೂಪನ್ನಿನ ದರವೂ ಎಲ್ಲರಿಗೂ ಒಂದೇ ಆಯಿತು, ಗುತ್ತಿಗೆಯವರ ಪಾಲಿನ ಅರ್ಧವನ್ನು ಕಂಪನಿ ಭರಿಸಿತು.

ಮೊದಲ ವಾರಗಳಲ್ಲಿ ಆ ಹೆಂಗಸರು ಬಾಗಿಲ ಪಕ್ಕದ ಮೇಜಿನಲ್ಲೇ ಒತ್ತೊತ್ತಾಗಿ ಕೂರುತ್ತಿದ್ದರು. ಅವರು ಬಂದಾಗ ಎದ್ದು ಹೋದ ಎಂಜಿನಿಯರುಗಳನ್ನು ನಾನು ನೋಡಿದ್ದೇನೆ. ವಾಸನೆ ಎಂದು ದೂರಿನ ಮೇಲ್ ಬರೆದವರಿದ್ದರು. ವೈವಿಧ್ಯ ತರಗತಿಯ ಕೊನೆಯ ಪರೀಕ್ಷೆಯಲ್ಲಿ ಅವರೆಲ್ಲ ಪಾಸಾದವರೇ. ರಾಯಚೂರಿನ ಆ ಹುಡುಗಿ ಮಾತ್ರ ಮೊದಲ ದಿನವೇ ತಟ್ಟೆ ಹಿಡಿದು ಆ ಹೆಂಗಸರ ಮೇಜಿಗೆ ಹೋದಳು. ಅವರಲ್ಲೊಬ್ಬಳು ಮಾನ್ವಿ ತಾಲ್ಲೂಕಿನವಳು. ಇಬ್ಬರಿಗೂ ಗೊತ್ತಿದ್ದ ಜಾತ್ರೆಯೊಂದು ಸಿಕ್ಕಿ ಮಾತು ನಿಲ್ಲಲಿಲ್ಲ. ನಿಧಾನವಾಗಿ ಇತರರೂ ಕೂತರು. ಎಲ್ಲರೂ ಅಲ್ಲ, ಕೆಲವರು.

2016ರಲ್ಲಿ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಲೇವ್ ಎಂಬ ಸಮಾಜಶಾಸ್ತ್ರಜ್ಞರ ಬರಹವೊಂದು ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ನಲ್ಲಿ ಬಂತು. ಅಮೆರಿಕದ ಎಂಟುನೂರಕ್ಕೂ ಹೆಚ್ಚು ಕಂಪನಿಗಳ ಮೂರು ದಶಕಗಳ ದಾಖಲೆ ನೋಡಿ ಬರೆದದ್ದು. ಮ್ಯಾನೇಜರುಗಳಿಗೆ ವೈವಿಧ್ಯ ತರಬೇತಿ ಕಡ್ಡಾಯ ಮಾಡಿದ ಕಂಪನಿಗಳಲ್ಲಿ ಐದು ವರ್ಷದ ನಂತರ ಮೇಲಿನ ಹುದ್ದೆಗಳಲ್ಲಿ ಕಪ್ಪು ಹೆಂಗಸರ ಪಾಲು ಹೆಚ್ಚುವುದಿರಲಿ, ಸರಾಸರಿ ಶೇ. 9ರಷ್ಟು ಕುಸಿದಿತ್ತು. ಹಿರಿಯರು ಕಿರಿಯರ ಕೈಹಿಡಿದು ನಡೆಸುವ ವ್ಯವಸ್ಥೆ, ಬೇರೆ ಬೇರೆ ವಿಭಾಗದವರು ಒಟ್ಟಿಗೆ ಕೆಲಸ ಮಾಡುವ ತಂಡ, ಆಯ್ಕೆಗೆ ಉತ್ತರ ಕೊಡಬೇಕಾದ ವ್ಯಕ್ತಿ: ಇವು ಇದ್ದಲ್ಲಿ ಫಲ ಕಂಡಿತ್ತು. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಉತ್ತರ ಕೊಡಬೇಕಾದ ಅಧಿಕಾರಿಯನ್ನು ನಾನು ಕಾಲೊನಿಯಲ್ಲೇ ನೋಡಿದ್ದೆ.

ಆದರೂ ತರಗತಿಯೇ ಬೇಡ ಎನ್ನುವವರ ಜೊತೆ ನಾನು ಸೇರುವುದಿಲ್ಲ. ಆ ಚೀಟಿಗಳು ಬಿಚ್ಚಿಕೊಂಡದ್ದು ತರಗತಿಯಲ್ಲೇ, ಜನರೇಟರಿನ ಪಕ್ಕದ ಊಟದ ಸುದ್ದಿ ಮೇಲಕ್ಕೆ ಬಂದದ್ದೂ ತರಗತಿಯಿಂದಲೇ. ನಾನು ಬೇಡ ಎನ್ನುವುದು ಜಾತಿಯ ಹೆಸರೆತ್ತದ, ಗುತ್ತಿಗೆಯವರನ್ನು ಹೊರಗಿಟ್ಟ, ಕನ್ನಡದಲ್ಲಿ ಒಂದು ವಾಕ್ಯವೂ ಇಲ್ಲದ ತರಗತಿಯನ್ನು. ಅಮೆರಿಕದಲ್ಲೇ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ತನ್ನ ತಾರತಮ್ಯ ವಿರೋಧಿ ನಿಯಮಕ್ಕೆ ಜಾತಿಯನ್ನು ಸೇರಿಸಿತು. ಇಲ್ಲಿಂದ ಹೋದವರ ಜೊತೆ ಅಲ್ಲಿಗೂ ಹೋದದ್ದನ್ನು ಅಲ್ಲಿನ ನಗರಸಭೆ ಹೆಸರಿಟ್ಟು ಬರೆಯಬಹುದಾದರೆ ಬೆಂಗಳೂರಿನ ಕಂಪನಿಗೆ ಅಡ್ಡಿ ಏನು?

ನಾನು ನಿವೃತ್ತಳಾಗುವ ಹೊತ್ತಿಗೆ ಇನ್ನೊಂದು ಬದಲಾವಣೆ ಬಂತು. ಷೇರುಪೇಟೆಯಲ್ಲಿರುವ ಮೊದಲ ಸಾವಿರ ಕಂಪನಿಗಳು ಸಾಮಾಜಿಕ ಹೊಣೆಯ ವಿಸ್ತಾರವಾದ ವರದಿ ಕೊಡುವುದನ್ನು ಸೆಬಿ 2022–23ರಿಂದ ಕಡ್ಡಾಯ ಮಾಡಿತು. ಅದರಲ್ಲಿ ಕಾಯಂ ಇರುವವರು, ಕಾಯಂ ಅಲ್ಲದವರು ಎಂದು ಬೇರೆ ಬೇರೆ ಎಣಿಸಿ, ಗಂಡು ಹೆಣ್ಣು ಎಷ್ಟು, ಅಂಗವಿಕಲರು ಎಷ್ಟು ಎಂದು ಬರೆಯಬೇಕು. ಜಾತಿಗೆ ಕಾಲಂ ಇಲ್ಲ. ಹಣಕಾಸು ವಿಭಾಗದ ತರುಣನೊಬ್ಬ ಫೋನ್ ಮಾಡಿ, ಹೌಸ್‌ಕೀಪಿಂಗಿನವರ, ಸೆಕ್ಯುರಿಟಿಯವರ ಹೆಸರಿನ ಪಟ್ಟಿ ನಿಮ್ಮಲ್ಲಿ ಮಾತ್ರ ಇದೆಯಂತೆ ಎಂದ. ಬೇಸ್‌ಮೆಂಟಿನ ತರಗತಿಗಳ ಹಾಜರಿ ಪುಸ್ತಕ ನನ್ನ ಬಳಿಯಿತ್ತು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದು. ಅದನ್ನು ಕೊಟ್ಟೆ. ಊರು, ಭಾಷೆ, ಜಾತಿ ಮೂರನ್ನೂ ಹೇಳಲು ಇಚ್ಛಿಸುವವರಿಂದ ಕೇಳಿ ಕಂಪನಿಯೇ ಬೇರೆಯಾಗಿ ಬರೆದಿಟ್ಟುಕೊಳ್ಳಲಿ ಎಂದು ಬರೆದೂ ಕೊಟ್ಟೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಈಗ ಗುತ್ತಿಗೆ ಮತ್ತೆ ಬದಲಾಗಿದೆ, ಹೊಸ ಹೆಂಗಸರು ಬಂದಿದ್ದಾರೆ. ತರಬೇತಿ ವಿಭಾಗದ ಕಿರಿಯಳೊಬ್ಬಳು ಹೊಸ ಪಟ್ಟಿ ಮಾಡುತ್ತಿದ್ದಾಳೆ, ಹೊಸ ಕರಾರಿನಲ್ಲೂ ಆ ಕಲಮು ಇದೆಯೇ ಎಂದು ಓದಿ ನೋಡಿದ್ದಾಳೆ. ಇದೆಯಂತೆ.